ದುರ್ಗಮ ದಾರಿಗೊಂದು ಪೆಟ್ರೋಲ್ ಡಬ್ಬ

ಹಿಮಾಚಲ ಪ್ರದೇಶದ ತಾಂಡಿಯಲ್ಲಿ, ಚಂದ್ರಾ ಮತ್ತು ಭಾಗಾ ನದಿಗಳು ಕೂಡುವ ಜಾಗದ ಸಮೀಪ, ಒಂದು ಪೆಟ್ರೋಲ್ ಬಂಕ್ ಇದೆ. ಮುಂದಿನ ಬಂಕ್ 365 ಕಿಲೋಮೀಟರ್ ದೂರದಲ್ಲಿದೆ ಎಂದು ಎಚ್ಚರಿಸುವ ಫಲಕ ಅಲ್ಲಿರುವುದರಿಂದ, ಮನಾಲಿಯಿಂದ ಲೇಹ್‌ಗೆ ಹೋಗುವ ವಾಹನಗಳಲ್ಲಿ ಹೆಚ್ಚಿನವು ಅಲ್ಲಿ ನಿಂತೇ ಮುಂದೆ ಹೋಗುತ್ತವೆ. ಲೇಹ್‌ಗೆ ಸ್ವಲ್ಪ ಮೊದಲೇ ಕಾರು ಎಂಬ ಊರಿನಲ್ಲಿ ಪೆಟ್ರೋಲ್ ಸಿಗುತ್ತದೆಯಾದರೂ, ಲೆಕ್ಕವನ್ನು ಆ ಫಲಕದ ಪ್ರಕಾರವೇ ಹಾಕಿಕೊಳ್ಳುವುದು ಕ್ಷೇಮ. 2018ರ ಜೂನ್ ತಿಂಗಳಿನಲ್ಲಿ ನಾನು, ನನ್ನ ಹೆಂಡತಿ ಮತ್ತು ಒಬ್ಬ ಗೆಳೆಯ ಸಕಲೇಶಪುರದಿಂದ ಹೊರಟು ಆ ಬಂಕ್ ತಲುಪಿದಾಗ ನಮ್ಮ ಮಾರುತಿ ಜಿಪ್ಸಿಯ ಹಿಂಬದಿಯಲ್ಲಿ ಕೆಂಪು ಬಣ್ಣದ ಒಂದು ಹೊಸ ತಗಡಿನ ಡಬ್ಬವಿತ್ತು. ಆ ಡಬ್ಬದಿಂದ ನಾವು ಪಟ್ಟ ಪಾಡು ಮತ್ತು ಅದಾದ ಮೇಲೆ ನಾನು ಕಲಿತುಕೊಂಡದ್ದು ಈ ಬರಹದ ವಿಷಯ.

ಜಿಪ್ಸಿಯ ಟ್ಯಾಂಕ್ 40 ಲೀಟರಿನದು. ನಮ್ಮ ಗಾಡಿ ಬಯಲುಸೀಮೆಯ ಹೆದ್ದಾರಿಯಲ್ಲಿ ಲೀಟರಿಗೆ ಹನ್ನೆರಡು ಕಿಲೋಮೀಟರ್ ಓಡುತ್ತದೆ. ಆದರೆ ಮೊದಲ ಮತ್ತು ಎರಡನೆಯ ಗೇರಿನಲ್ಲಿ ಏರಬೇಕಾದ, ಗಾಳಿ ತೆಳುವಾದ ಘಟ್ಟಗಳಲ್ಲಿ ಎಂಟೂವರೆಗೆ ಇಳಿಯುತ್ತದೆ. ಆ ಲೆಕ್ಕದಲ್ಲಿ 365 ಕಿಲೋಮೀಟರಿಗೆ 43 ಲೀಟರ್ ಬೇಕು. ಇದರ ಮೇಲೆ ಐದನೆಯ ಒಂದು ಪಾಲಿನಷ್ಟನ್ನು ಆಪತ್ತಿಗೆಂದು ಸೇರಿಸಿದರೆ ಸುಮಾರು 52 ಲೀಟರ್ ಆಗುತ್ತದೆ. ಹೀಗಾಗಿ ಡಬ್ಬ ನಮಗೆ ಅಲಂಕಾರದ ವಸ್ತುವಾಗಿರಲಿಲ್ಲ. ಇದನ್ನು ಹೇಳಲು ಕಾರಣವಿದೆ. ದೊಡ್ಡ ಟ್ಯಾಂಕಿನ ಡೀಸೆಲ್ ಗಾಡಿಗಳಿಗೆ ಈ ದಾರಿಯಲ್ಲಿ ಹೆಚ್ಚುವರಿ ಇಂಧನದ ಅಗತ್ಯವೇ ಇರುವುದಿಲ್ಲ, ಆದರೂ ಡಬ್ಬ ಕಟ್ಟಿಕೊಂಡು ಬರುವವರನ್ನು ನಾನು ಕಂಡಿದ್ದೇನೆ. ಅಗತ್ಯವಿಲ್ಲದ ಪೆಟ್ರೋಲನ್ನು ಗಾಡಿಯಲ್ಲಿ ಹೊತ್ತುಕೊಂಡು ತಿರುಗುವುದು ಅಪಾಯವನ್ನು ಹೊತ್ತುಕೊಂಡು ತಿರುಗಿದಂತೆ. ಮೊದಲು ಈ ಲೆಕ್ಕ ಹಾಕಿ, ಅಗತ್ಯ ಖಚಿತವಾದ ಮೇಲಷ್ಟೇ ಡಬ್ಬದ ಆಯ್ಕೆಗೆ ಕೈಹಾಕಬೇಕು.

ನಮ್ಮ ಆ ಕೆಂಪು ಡಬ್ಬವನ್ನು ಪೇಟೆಯ ಒಂದು ಅಂಗಡಿಯಲ್ಲಿ ಅಗ್ಗಕ್ಕೆ ಕೊಂಡಿದ್ದೆ. ನೋಡಲು ಸೇನೆಯವರ ಡಬ್ಬದಂತೆಯೇ ಇತ್ತು. ಆದರೆ ತಗಡು ತೆಳು, ಮುಚ್ಚಳ ತಿರುಪಿನದು, ಅದರೊಳಗಿನ ವಾಷರ್ ಒತ್ತಿದ ಕಾಗದದಂಥ ಯಾವುದೋ ವಸ್ತುವಿನದು. ಗಾಡಿಯ ಹಿಂದೆ ಬ್ರಾಕೆಟ್ ಇಲ್ಲದ ಕಾರಣ ಅದನ್ನು ಒಳಗೇ, ಸಾಮಾನುಗಳ ನಡುವೆ ಇಟ್ಟಿದ್ದೆವು. ತಾಂಡಿಯಲ್ಲಿ ಕಂಠದವರೆಗೆ ಪೆಟ್ರೋಲ್ ತುಂಬಿಸಿಕೊಂಡು ಬಾರಾಲಾಚಾ ಲಾ ಎಂಬ ಘಟ್ಟ ಏರುವ ಹೊತ್ತಿಗೆ ಹೆಂಡತಿಗೆ ತಲೆನೋವು ಶುರುವಾಯಿತು, ಗೆಳೆಯನಿಗೆ ವಾಕರಿಕೆ. ಸುಮಾರು 4,900 ಮೀಟರ್ ಎತ್ತರದಲ್ಲಿ ಇವೆರಡೂ ಎತ್ತರದ ಕಾಯಿಲೆಯ ಲಕ್ಷಣಗಳೇ ಆಗಿರುವುದರಿಂದ, ಕಿಟಕಿಗಳನ್ನು ಚಳಿಗೆ ಮುಚ್ಚಿಕೊಂಡೇ ನಾವು ಬಹಳ ದೂರ ಹೋದೆವು. ಕೊನೆಗೆ ಇಳಿದು ಹಿಂಬಾಗಿಲು ತೆಗೆದಾಗ ಡಬ್ಬದ ಎರಡೂ ಬದಿಗಳು ಉಬ್ಬಿಕೊಂಡಿದ್ದವು, ಮುಚ್ಚಳದ ಸುತ್ತ ಪೆಟ್ರೋಲ್ ಒಸರಿ ಕೆಳಗಿನ ಕಂಬಳಿಯನ್ನು ನೆನೆಸಿತ್ತು. ಆವತ್ತಿನ ತಲೆನೋವು ಎತ್ತರದಿಂದ ಬಂದದ್ದೋ ಪೆಟ್ರೋಲಿನ ಆವಿಯಿಂದ ಬಂದದ್ದೋ ಇಂದಿಗೂ ನಮಗೆ ಗೊತ್ತಿಲ್ಲ. ಒಂದನ್ನು ಇನ್ನೊಂದೆಂದು ತಿಳಿದುಕೊಂಡು ತಪ್ಪು ನಿರ್ಧಾರ ಮಾಡುವ ಸಾಧ್ಯತೆ ಇತ್ತಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ಪಾಂಗ್‌ನಲ್ಲಿ ಆ ಪೆಟ್ರೋಲನ್ನು ಟ್ಯಾಂಕಿಗೆ ಸುರಿದೆವು. ಜೊತೆಗೆ ಡಬ್ಬದ ಒಳಗಿನಿಂದ ಎದ್ದ ಬಣ್ಣದ ಚಕ್ಕೆಗಳೂ ಹೋದವು. ಲೇಹ್ ತಲುಪಿದ ಮೇಲೆ ಫ್ಯೂಯಲ್ ಫಿಲ್ಟರ್ ಬದಲಾಯಿಸಬೇಕಾಯಿತು.

ಊರಿಗೆ ಮರಳಿದಾಗ ಎಸ್ಟೇಟ್ ಜೀಪುಗಳನ್ನು ರಿಪೇರಿ ಮಾಡುವ, ನನ್ನ ತಂದೆಯ ಕಾಲದಿಂದ ಪರಿಚಿತರಾದ ಒಬ್ಬ ಹಿರಿಯ ಮೆಕ್ಯಾನಿಕ್ ಆ ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿದರು. ಡಬ್ಬ ಕೊಳ್ಳುವಾಗ ಹೊಟ್ಟೆ ನೋಡಬಾರದು, ಬಾಯಿ ನೋಡಬೇಕು, ಆಮೇಲೆ ಬಾಯಿಯೊಳಗೆ ನೋಡಬೇಕು ಎಂಬುದು ಅವರ ಮಾತಿನ ಸಾರ. ನಂತರ ನಾನು ಓದಿ, ಕೇಳಿ, ಕೈಯಾರೆ ಪರೀಕ್ಷಿಸಿ ತಿಳಿದುಕೊಂಡ ಎಲ್ಲವೂ ಆ ಮಾತಿಗೆ ವಿವರಣೆಯೇ ಆಗಿದೆ.

ಮೊದಲು ಬಾಯಿಯ ಮೇಲೆ ಬೀಳುವ ಒತ್ತಡವನ್ನು ಅರ್ಥಮಾಡಿಕೊಳ್ಳೋಣ. ಪೆಟ್ರೋಲ್ ಡಬ್ಬದ ನಿಜವಾದ ಕೆಲಸ ದ್ರವವನ್ನು ಹಿಡಿದಿಡುವುದಕ್ಕಿಂತ ಹೆಚ್ಚಾಗಿ ಆವಿಯನ್ನು ಹಿಡಿದಿಡುವುದು. ತಾಂಡಿ 3,000 ಮೀಟರಿಗಿಂತ ಕಡಿಮೆ ಎತ್ತರದಲ್ಲಿದೆ. ಅದೇ ದಾರಿಯ ಅತಿ ಎತ್ತರದ ತಾಂಗ್ಲಾಂಗ್ ಲಾ 5,300 ಮೀಟರಿಗೂ ಮೇಲಿದೆ, ಮತ್ತು ಅಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು ಮಾತ್ರ. ತಾಂಡಿಯಲ್ಲಿ ಬಿಗಿಯಾಗಿ ಮುಚ್ಚಿದ ಡಬ್ಬದೊಳಗಿನ ಗಾಳಿ ತಾಂಗ್ಲಾಂಗ್ ಲಾದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 200 ಗ್ರಾಮಿನಷ್ಟು ಹೆಚ್ಚುವರಿ ಒತ್ತಡದಿಂದ ಹೊರಕ್ಕೆ ತಳ್ಳುತ್ತದೆ. ಕೇಳಲು ಇದು ಅಲ್ಪವೆನಿಸಬಹುದು. ಆದರೆ 20 ಲೀಟರಿನ ಡಬ್ಬದ ಒಂದು ಅಗಲ ಬದಿಯ ವಿಸ್ತೀರ್ಣದಿಂದ ಗುಣಿಸಿದರೆ, ಡಬ್ಬ ಸ್ವಲ್ಪವೂ ಹಿಗ್ಗುವುದಿಲ್ಲ ಎಂದು ಭಾವಿಸಿದಾಗ, ಆ ಒಂದು ಬದಿಯ ಮೇಲೆಯೇ 300 ಕಿಲೋಗ್ರಾಮಿಗೂ ಮೀರಿದ ಭಾರ ಬೀಳುತ್ತದೆ. ಇದು ಎತ್ತರದ ಪರಿಣಾಮ ಮಾತ್ರ. ಬೆಳಗಿನ ಚಳಿಯಲ್ಲಿ ತುಂಬಿಸಿದ ಪೆಟ್ರೋಲ್ ಮಧ್ಯಾಹ್ನದ ಬಿಸಿಲಿಗೆ 30 ಡಿಗ್ರಿಯಷ್ಟು ಬಿಸಿಯಾದರೆ 20 ಲೀಟರಿಗೆ ಅರ್ಧ ಲೀಟರಿಗಿಂತ ಹೆಚ್ಚು ಹಿಗ್ಗುತ್ತದೆ, ಜೊತೆಗೆ ಆವಿಯ ಒತ್ತಡವೂ ಏರುತ್ತದೆ. ಇಷ್ಟೆಲ್ಲವನ್ನು ತಡೆಯಬೇಕಾದದ್ದು ಒಂದು ಮುಚ್ಚಳ ಮತ್ತು ಅದರಡಿಯ ಒಂದು ರಬ್ಬರ್ ಬಳೆ.

ಈ ಸಮಸ್ಯೆಗೆ ಬಹಳ ಹಿಂದೆಯೇ ಉತ್ತರ ಸಿಕ್ಕಿದೆ. ಇಂದು ನಾವು ಜೆರ್ರಿ ಕ್ಯಾನ್ ಎನ್ನುವ ಡಬ್ಬವನ್ನು 1937ರಲ್ಲಿ ಜರ್ಮನಿಯ ಶ್ವೆಲ್ಮ್ ಪಟ್ಟಣದ ಮ್ಯೂಲರ್ ಕಾರ್ಖಾನೆಯ ಎಂಜಿನಿಯರ್ ವಿನ್‌ಜೆನ್ಜ್ ಗ್ರ್ಯೂನ್‌ಫೋಗೆಲ್ ಜರ್ಮನ್ ಸೇನೆಗಾಗಿ ರೂಪಿಸಿದರು. ಜರ್ಮನರನ್ನು ಬ್ರಿಟಿಷ್ ಸೈನಿಕರು ಜೆರ್ರಿ ಎಂದು ಕರೆಯುತ್ತಿದ್ದುದರಿಂದ ಆ ಹೆಸರು ಬಂತು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರು ಉತ್ತರ ಆಫ್ರಿಕಾದ ಮರುಭೂಮಿಯಲ್ಲಿ ಪೆಟ್ರೋಲ್ ಸಾಗಿಸುತ್ತಿದ್ದುದು ನಾಲ್ಕು ಗ್ಯಾಲನ್ನಿನ, ಅಂದರೆ 18 ಲೀಟರಿನ ತೆಳು ತಗಡಿನ ಚೌಕ ಡಬ್ಬಗಳಲ್ಲಿ. ನಮ್ಮ ಹಿರಿಯರು ಸೀಮೆಎಣ್ಣೆ ಡಬ್ಬವೆಂದು ಕರೆದು, ಖಾಲಿಯಾದ ಮೇಲೆ ಬಚ್ಚಲಿಗೆ ನೀರು ತುಂಬಲು ಬಳಸುತ್ತಿದ್ದ ಆ ನಾಲ್ಕು ಮೂಲೆಯ ಡಬ್ಬದ ಬಂಧುವೇ ಅದು. ಮನೆಯಲ್ಲಿ ನೀರಿಗೆ ಸಾಕಾಗಿದ್ದ ಆ ತಗಡು ಮರುಭೂಮಿಯ ಕುಲುಕಾಟಕ್ಕೆ ಸಾಕಾಗಲಿಲ್ಲ. ಬೆಸುಗೆ ಬಿಟ್ಟು ಪೆಟ್ರೋಲಿನ ಬಹುದೊಡ್ಡ ಪಾಲು ದಾರಿಯಲ್ಲೇ ಸೋರಿಹೋಗುತ್ತಿತ್ತು. ಕೊನೆಗೆ ಬ್ರಿಟಿಷರು ಜರ್ಮನ್ ಡಬ್ಬವನ್ನೇ ನಕಲು ಮಾಡಿದರು.

ಆ ಡಬ್ಬದ ಕಥೆಯಲ್ಲಿ ಭಾರತದ ದಾರಿಯೂ ಬರುತ್ತದೆ ಎಂಬುದು ನನಗೆ ತುಂಬ ಇಷ್ಟವಾದ ಸಂಗತಿ. 1939ರಲ್ಲಿ ಪಾಲ್ ಪ್ಲೈಸ್ ಎಂಬ ಅಮೆರಿಕನ್ ಎಂಜಿನಿಯರ್ ಒಬ್ಬ ಜರ್ಮನ್ ಗೆಳೆಯನೊಂದಿಗೆ ಬರ್ಲಿನ್‌ನಿಂದ ಭಾರತಕ್ಕೆ ಗಾಡಿಯಲ್ಲಿ ಹೊರಟರು. ಕುಡಿಯುವ ನೀರನ್ನು ಇಟ್ಟುಕೊಳ್ಳಲು ಪಾತ್ರೆಯಿಲ್ಲದ್ದರಿಂದ ಆ ಗೆಳೆಯ ಟೆಂಪಲ್‌ಹೋಫ್ ವಿಮಾನ ನಿಲ್ದಾಣದ ದಾಸ್ತಾನಿನಿಂದ ಇಂಥ ಮೂರು ಡಬ್ಬಗಳನ್ನು ತಂದಿದ್ದ. ಗೆಳೆಯನನ್ನು ನಡುದಾರಿಯಲ್ಲೇ ಜರ್ಮನಿಗೆ ಹಿಂದಕ್ಕೆ ಕರೆಸಿಕೊಂಡರು. ಪ್ಲೈಸ್ ಮಾತ್ರ ಕಲ್ಕತ್ತೆಯವರೆಗೆ ಬಂದರು, ಮುಂದೆ ಅಮೆರಿಕಕ್ಕೆ ಈ ಡಬ್ಬದ ವಿಷಯ ತಿಳಿಸಿದವರೂ ಅವರೇ. ದೂರದ ಒರಟು ದಾರಿಯ ಪ್ರಯಾಣಕ್ಕೆ ಈ ಡಬ್ಬ ಹೊರಟ ಮೊದಲ ದಾರಿಗಳಲ್ಲೊಂದು ನಮ್ಮ ದೇಶದ ಕಡೆಗೇ ಇತ್ತು.

ಈ ವಿನ್ಯಾಸದ ಒಂದೊಂದು ಅಂಗಕ್ಕೂ ಕಾರಣವಿದೆ. ಒತ್ತಿ ರೂಪಿಸಿದ ಎರಡು ಅರ್ಧಗಳನ್ನು ಸುತ್ತಲೂ ಒಂದೇ ವೆಲ್ಡಿಂಗ್ ಗೆರೆಯಿಂದ ಕೂಡಿಸಿರುತ್ತಾರೆ, ಆ ಗೆರೆ ಒಳಕ್ಕೆ ತಗ್ಗಿನಲ್ಲಿ ಇರುವುದರಿಂದ ಪೆಟ್ಟು ನೇರವಾಗಿ ಅದಕ್ಕೆ ತಾಗುವುದಿಲ್ಲ. ಬದಿಗಳಲ್ಲಿ ಕತ್ತರಿಯಾಕಾರದಲ್ಲಿ ಒತ್ತಿದ ತಗ್ಗುಗಳು ತಗಡಿಗೆ ಬಿಗುವನ್ನು ಕೊಡುತ್ತವೆ, ಒಳಗಿನ ಒತ್ತಡ ಏರಿದಾಗ ಹಿಗ್ಗಿ ಮತ್ತೆ ಮೊದಲಿನಂತಾಗಲೂ ಅವಕಾಶ ಮಾಡಿಕೊಡುತ್ತವೆ. ಮೂರು ಹಿಡಿಕೆಗಳಿರುವುದರಿಂದ ತುಂಬಿದ ಡಬ್ಬವನ್ನು ಇಬ್ಬರು ಆಚೀಚೆ ಹಿಡಿದು ಸಾಗಿಸಬಹುದು, ಖಾಲಿಯಿದ್ದಾಗ ಒಬ್ಬನೇ ಒಂದೊಂದು ಕೈಯಲ್ಲಿ ಎರಡೆರಡನ್ನು ಎತ್ತಬಹುದು. ಹಿಡಿಕೆಗಳ ಕೆಳಗಿನ ಗೂನಿನಂಥ ಭಾಗದಲ್ಲಿ, ಡಬ್ಬ ತುಂಬಿದ ಮೇಲೂ, ಒಂದಿಷ್ಟು ಗಾಳಿ ಉಳಿಯುತ್ತದೆ. ಪೆಟ್ರೋಲ್ ಹಿಗ್ಗಲು ಬೇಕಾದ ಜಾಗ ಅದೇ. ಮುಚ್ಚಳಕ್ಕೆ ತಿರುಪಿಲ್ಲ, ಸನ್ನೆಯಂಥ ಒಂದು ಲಿವರ್ ಅದನ್ನು ಗ್ಯಾಸ್ಕೆಟ್ಟಿನ, ಅಂದರೆ ರಬ್ಬರ್ ಬಳೆಯ ಮೇಲೆ ಒತ್ತಿ ಹಿಡಿಯುತ್ತದೆ, ಮತ್ತು ಕುಲುಕಾಟದಲ್ಲಿ ಲಿವರ್ ಬಿಚ್ಚಿಕೊಳ್ಳದಂತೆ ಒಂದು ಪಿನ್ ಇರುತ್ತದೆ. ಬಾಯಿಯಿಂದ ಒಳಗಿನ ಗಾಳಿಯ ಜಾಗದವರೆಗೆ ಹೋಗುವ ಸಣ್ಣ ಕೊಳವೆ ಸುರಿಯುವಾಗ ಗಾಳಿಯನ್ನು ಒಳಗೆ ಬಿಡುವುದರಿಂದ ಪೆಟ್ರೋಲ್ ಗುಳುಗುಳು ಎಂದು ಚಿಮ್ಮದೆ ಧಾರೆಯಾಗಿ ಬೀಳುತ್ತದೆ.

ತಿರುಪಿನ ಮುಚ್ಚಳಕ್ಕಿಂತ ಲಿವರ್ ಮುಚ್ಚಳವೇ ಒಳ್ಳೆಯದು ಎಂಬ ತೀರ್ಮಾನಕ್ಕೆ ನಾನು ಬಂದದ್ದು ಹೀಗೆ. ತಿರುಪನ್ನು ಎಷ್ಟು ಬಿಗಿಯುತ್ತೇವೆ ಎಂಬುದು ಪ್ರತಿ ಸಲವೂ ಕೈಬಲವನ್ನು ಅವಲಂಬಿಸಿರುತ್ತದೆ. ಚಳಿಯಲ್ಲಿ ಮರಗಟ್ಟಿದ ಬೆರಳುಗಳಿಂದ ಬಿಗಿದ ತಿರುಪು, ಗಂಟೆಗಟ್ಟಲೆ ಕುಲುಕಿದಾಗ ಸಡಿಲವಾಗುತ್ತದೆ. ಲಿವರ್ ಮಾತ್ರ ಪ್ರತಿ ಸಲವೂ ಒಂದೇ ಬಲದಿಂದ ಕೂರುತ್ತದೆ. ಅದನ್ನು ಮುಚ್ಚುವಾಗ ಅಂಗೈಗೆ ಗಟ್ಟಿಯಾದ ಪ್ರತಿರೋಧ ತಿಳಿಯಬೇಕು, ಕೊನೆಯಲ್ಲಿ ಟಕ್ಕೆಂದು ಕೂರಬೇಕು. ಸಲೀಸಾಗಿ ಮುಚ್ಚಿಕೊಳ್ಳುವ ಲಿವರ್ ಇರುವ ಡಬ್ಬವನ್ನು ಅಲ್ಲಿಯೇ ಬಿಟ್ಟುಬರಬೇಕು.

ಗ್ಯಾಸ್ಕೆಟ್ಟಿನ ವಿಷಯ ಈಚೆಗೆ ಮತ್ತಷ್ಟು ಮುಖ್ಯವಾಗಿದೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಇ20 ಪೆಟ್ರೋಲಿನ ಮಾರಾಟಕ್ಕೆ ಚಾಲನೆ ದೊರೆಯಿತು, ಇಂದು ದೇಶದ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಶೇಕಡಾ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಕೆಲವು ಬಗೆಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ವಿಟಾನ್ ಎಂಬ ಹೆಸರಿನಿಂದ ಪರಿಚಿತವಾದ ಫ್ಲೋರೋ ರಬ್ಬರಿನ ಗ್ಯಾಸ್ಕೆಟ್ ಇದನ್ನು ಚೆನ್ನಾಗಿ ತಡೆಯುತ್ತದೆ. ಅಂಗಡಿಯವರಿಗೆ ಗ್ಯಾಸ್ಕೆಟ್ ಯಾವುದರದ್ದೆಂದು ಗೊತ್ತಿಲ್ಲದಿದ್ದರೆ, ಬಿಡಿ ಗ್ಯಾಸ್ಕೆಟ್ ಸಿಗುವ ತಯಾರಕರ ಡಬ್ಬವನ್ನೇ ಆರಿಸಿ ಇನ್ನೆರಡನ್ನು ಜೊತೆಗಿಟ್ಟುಕೊಳ್ಳುವುದು ಉತ್ತಮ. ಎಥನಾಲಿನ ಇನ್ನೊಂದು ಗುಣ ನೀರನ್ನು ಎಳೆದುಕೊಳ್ಳುವುದು. ಅರ್ಧ ತುಂಬಿದ ಡಬ್ಬದಲ್ಲಿ ಗಾಳಿಯ ತೇವ ರಾತ್ರಿಯ ಚಳಿಗೆ ಹನಿಗಟ್ಟುತ್ತದೆ, ಎಥನಾಲ್ ಅದನ್ನು ಹೀರಿಕೊಳ್ಳುತ್ತದೆ. ನೀರು ಒಂದು ಮಿತಿ ದಾಟಿದಾಗ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ತುಕ್ಕು ಶುರುವಾಗುವುದು ಅಲ್ಲಿಂದಲೇ.

ಬಾಯಿಯೊಳಗೆ ನೋಡಬೇಕು ಎಂದು ಮೆಕ್ಯಾನಿಕ್ ಹೇಳಿದ್ದು ಈ ತಳದ ಬಗ್ಗೆಯೇ. ಒಳ್ಳೆಯ ಉಕ್ಕಿನ ಡಬ್ಬದ ಒಳಮೈಗೆ ಪೆಟ್ರೋಲಿಗೆ ಕರಗದ ಲೇಪ ಇರುತ್ತದೆ. ಟಾರ್ಚ್ ಹಾಕಿ ನೋಡಿದಾಗ ಆ ಲೇಪ ವೆಲ್ಡಿಂಗ್ ಗೆರೆಯ ಮೇಲೂ ಮೂಲೆಗಳಲ್ಲೂ ಎಡೆಬಿಡದೆ ಹರಡಿರಬೇಕು. ನನ್ನ ಕೆಂಪು ಡಬ್ಬದೊಳಗೆ ಬಳಿದಿದ್ದುದು ಮಾಮೂಲಿ ಬಣ್ಣ. ಸತುವಿನ ಲೇಪವಿರುವ, ಅಂದರೆ ಗ್ಯಾಲ್ವನೈಸ್ಡ್ ತಗಡಿನ ಡಬ್ಬ ನೀರಿಗೆ ಸರಿ, ಇಂಧನಕ್ಕೆ ಬೇಡ. ಗುಜರಿಯಲ್ಲಿ ಸಿಗುವ ಹಳೆಯ ಮಿಲಿಟರಿ ಡಬ್ಬಗಳು ತಗಡಿನ ದಪ್ಪದಲ್ಲಿ ಎಷ್ಟೋ ಹೊಸ ಡಬ್ಬಗಳಿಗಿಂತ ಮೇಲಾದರೂ, ತಳದ ಮೂಲೆಗಳಲ್ಲಿ ಸೂಜಿಮೊನೆಯಷ್ಟು ತುಕ್ಕಿನ ತೂತುಗಳಿರುವುದುಂಟು. ಒಳಗೆ ತುಕ್ಕಿನ ಒಂದು ಕಲೆ ಕಂಡರೂ ನಾನು ಅದನ್ನು ಪ್ರಯಾಣಕ್ಕೆ ಒಯ್ಯುವುದಿಲ್ಲ.

ಅಲ್ಯೂಮಿನಿಯಂ ಡಬ್ಬ ಹಗುರ, ಆದರೆ ದೀರ್ಘಕಾಲದ ಕಂಪನಕ್ಕೆ ಬೆಸುಗೆಯ ಬಳಿ ಬಿರುಕು ಬಿಡುವ ಸ್ವಭಾವ ಆ ಲೋಹಕ್ಕಿದೆ. ಸ್ಟೇನ್‌ಲೆಸ್ ಸ್ಟೀಲ್ ಒಳ್ಳೆಯದೇ, ಬೆಲೆ ಮಾತ್ರ ಬಹಳ. ದಪ್ಪ ಪ್ಲಾಸ್ಟಿಕ್ಕಿನ ಡಬ್ಬಗಳಿಗೆ ತುಕ್ಕಿನ ಭಯವಿಲ್ಲ, ಹೊರದೇಶಗಳಲ್ಲಿ ಅವುಗಳನ್ನು ಬಹಳ ಮಂದಿ ಬಳಸುತ್ತಾರೆ. ಆದರೆ ಪಾಲಿಥೀನಿನ ಗೋಡೆಯ ಮೂಲಕ ಪೆಟ್ರೋಲಿನ ಆವಿ ನಿಧಾನವಾಗಿ ಹೊರಹೋಗುತ್ತಲೇ ಇರುತ್ತದೆ. ಅದಕ್ಕಿಂತ ಮುಖ್ಯವಾದ ಮಾತು ನಮ್ಮ ಕಾನೂನಿನದು. 1934ರ ಪೆಟ್ರೋಲಿಯಂ ಕಾಯಿದೆಯ 8ನೆಯ ಕಲಮಿನ ಪ್ರಕಾರ, ಮಾರಾಟಕ್ಕಲ್ಲದೆ ಸ್ವಂತಕ್ಕೆ ಇಟ್ಟುಕೊಳ್ಳುವ ಪೆಟ್ರೋಲ್ ಒಟ್ಟು 30 ಲೀಟರ್ ಮೀರದಿದ್ದರೆ ಪರವಾನಗಿ ಬೇಕಿಲ್ಲ; ಆದರೆ ಅದು ಗಾಜು, ಪಿಂಗಾಣಿಯಂಥ ಸುಟ್ಟ ಮಣ್ಣು ಅಥವಾ ಲೋಹದ, ಭದ್ರವಾಗಿ ಮುಚ್ಚಿದ ಪಾತ್ರೆಯಲ್ಲಿರಬೇಕು, ಮತ್ತು ಲೋಹದ ಪಾತ್ರೆ 25 ಲೀಟರಿಗಿಂತ ದೊಡ್ಡದಾಗಿರಬಾರದು. ಪ್ಲಾಸ್ಟಿಕ್ಕಿನ ಹೆಸರು ಅಲ್ಲಿಲ್ಲ.  ನಾನು ಒಂದು 20 ಲೀಟರಿನದನ್ನೂ ಒಂದು 10 ಲೀಟರಿನದನ್ನೂ ಕೊಂಡದ್ದು ಒಟ್ಟು 30 ಲೀಟರ್ ಮೀರಬಾರದೆಂದು. ನಮ್ಮ ಲೆಕ್ಕದ 52 ಲೀಟರಿಗೆ ದೊಡ್ಡ ಡಬ್ಬವೊಂದೇ ಸಾಕು. ತ್ಸೋ ಕಾರ್ ಸರೋವರದ ಕಡೆಗೆ ತಿರುಗುವ ಮನಸ್ಸಿದ್ದರೆ ಮಾತ್ರ ಚಿಕ್ಕದನ್ನೂ ತುಂಬಿಸುತ್ತೇವೆ. ರೈಲಿನಲ್ಲಿ ಪೆಟ್ರೋಲ್ ಒಯ್ಯುವುದು ಅಪರಾಧವೆಂಬುದೂ, ಒಮ್ಮೆ ಬಳಸಿದ ಡಬ್ಬವನ್ನು ಖಾಲಿಯಿದ್ದರೂ ವಿಮಾನದಲ್ಲಿ ಬಿಡುವುದಿಲ್ಲವೆಂಬುದೂ ಗಾಡಿಯನ್ನು ಮುಂದೆ ಕಳುಹಿಸಿ ತಾವು ಬೇರೆ ಹೋಗುವವರ ಗಮನದಲ್ಲಿರಲಿ.

ಅಪಾಯಕಾರಿ ವಸ್ತುಗಳ ಸಾಗಣೆಗೆ ವಿಶ್ವಸಂಸ್ಥೆಯ ನಿಯಮಾವಳಿಯ ಪ್ರಕಾರ ಪರೀಕ್ಷಿಸಿದ ಡಬ್ಬದ ಮೇಲೆ ಒತ್ತಿರುವ ಗುರುತನ್ನು ಓದಲು ಕಲಿತದ್ದು ನನಗೆ ಬಹಳ ಉಪಯೋಗಕ್ಕೆ ಬಂತು. ಅದರಲ್ಲಿ ‘3ಎ1’ ಎಂದಿದ್ದರೆ ಮೇಲ್ಭಾಗ ಬಿಚ್ಚಲಾಗದ ಉಕ್ಕಿನ ಜೆರ್ರಿ ಕ್ಯಾನ್ ಎಂದರ್ಥ. ಅಲ್ಯೂಮಿನಿಯಂ ಆದರೆ ‘3ಬಿ1’, ಪ್ಲಾಸ್ಟಿಕ್ ಆದರೆ ‘3ಎಚ್1’. ಮುಂದಿನ ಅಕ್ಷರ ‘ಎಕ್ಸ್’ ಅಥವಾ ‘ವೈ’ ಆಗಿದ್ದರೆ ಪೆಟ್ರೋಲಿಗೆ ನಡೆಯುತ್ತದೆ, ‘ಝೆಡ್’ ಆಗಿದ್ದರೆ ನಡೆಯುವುದಿಲ್ಲ. ಆಮೇಲೆ ಪರೀಕ್ಷೆಯ ಒತ್ತಡ, ತಯಾರಾದ ವರ್ಷ, ದೇಶದ ಸಂಕೇತ ಬರುತ್ತವೆ. ಲ್ಯಾಟ್ವಿಯಾದ ವಾಲ್‌ಪ್ರೋ ಕಾರ್ಖಾನೆಯ ಡಬ್ಬಗಳಲ್ಲಿ ಈ ಗುರುತು ಇರುತ್ತದೆ. ಅಚ್ಚೊತ್ತಿದ ಗುರುತಿಗೂ ಅಂಟಿಸಿದ ಚೀಟಿಗೂ ಇರುವ ವ್ಯತ್ಯಾಸವನ್ನು ಬೆರಳಾಡಿಸಿಯೇ ತಿಳಿಯಬಹುದು.

ತೂಕವೂ ಒಂದು ಸಾಕ್ಷಿ. ತಗಡು ಸುಮಾರು 0.8 ಮಿಲಿಮೀಟರ್ ದಪ್ಪವಿರುವ 20 ಲೀಟರಿನ ಉಕ್ಕಿನ ಡಬ್ಬ ಖಾಲಿಯಿದ್ದಾಗ ನಾಲ್ಕು ಕಿಲೋಗ್ರಾಮಿನ ಆಸುಪಾಸಿನಲ್ಲಿರುತ್ತದೆ. ಮೂರಕ್ಕಿಂತ ಕಡಿಮೆ ಇದ್ದರೆ ತಗಡು ತೆಳುವೆಂದೇ ತಿಳಿಯಬೇಕು. ಇದಲ್ಲದೆ ನಾನು ಮನೆಯಲ್ಲಿ ಒಂದು ಪರೀಕ್ಷೆ ಮಾಡುತ್ತೇನೆ. ಇನ್ನೂ ಪೆಟ್ರೋಲ್ ಕಾಣದ ಹೊಸ ಡಬ್ಬವನ್ನು ಬೆಳಗಿನ ತಂಪಿನಲ್ಲಿ ಖಾಲಿಯಾಗಿಯೇ ಮುಚ್ಚಿ ಅಂಗಳದ ಬಿಸಿಲಿನಲ್ಲಿ ಇಡುತ್ತೇನೆ. ಮಧ್ಯಾಹ್ನದ ಹೊತ್ತಿಗೆ ವೆಲ್ಡಿಂಗ್ ಗೆರೆಗೂ ಮುಚ್ಚಳದ ಸುತ್ತಲೂ ಸೋಪಿನ ನೀರು ಸವರಿದರೆ, ಸೋರಿಕೆ ಇರುವಲ್ಲಿ ಗುಳ್ಳೆ ಏಳುತ್ತದೆ. ಕೊನೆಗೆ ಲಿವರ್ ಎತ್ತಿದಾಗ ಬುಸ್ಸೆಂದು ಗಾಳಿ ಹೊರಬರಬೇಕು. ಸದ್ದಿಲ್ಲದೆ ತೆರೆದುಕೊಂಡ ಡಬ್ಬ ಅಂಗಡಿಗೆ ವಾಪಸಾಗುತ್ತದೆ.

ಡಬ್ಬ ಎಲ್ಲಿರಬೇಕು ಎಂಬುದರಲ್ಲಿ ನನಗೆ ಈಗ ಸಂಶಯವಿಲ್ಲ: ಜನ ಕೂರುವ ಜಾಗದಲ್ಲಿ ಮಾತ್ರ ಕೂಡದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ಗಾಡಿಯ ತಳದಲ್ಲಿ ಶೇಖರವಾಗುತ್ತದೆ, ಶೂನ್ಯಕ್ಕಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳಬಲ್ಲುದು. ಚಾವಣಿಯ ಕ್ಯಾರಿಯರ್ ಮೇಲಿಟ್ಟರೆ 20 ಲೀಟರ್ ಪೆಟ್ರೋಲಿನ 15 ಕಿಲೋಗ್ರಾಂ ಮತ್ತು ಡಬ್ಬದ ನಾಲ್ಕು ಕಿಲೋಗ್ರಾಂ ಸೇರಿ ಜಿಪ್ಸಿಯಂಥ ಕಿರಿದಾದ, ಎತ್ತರದ ಗಾಡಿಯ ಓಲಾಟವನ್ನು ಹೆಚ್ಚಿಸುತ್ತದೆ, ಬಿಸಿಲೂ ನೇರವಾಗಿ ಬೀಳುತ್ತದೆ. ನಾನು ಹಿಂಭಾಗದಲ್ಲಿ, ಸ್ಟೆಪ್ನಿಯ ಪಕ್ಕದಲ್ಲಿ, ಸೇನೆಯ ಜಿಪ್ಸಿಗಳಲ್ಲಿರುವಂಥ ಕಬ್ಬಿಣದ ಬ್ರಾಕೆಟ್ ಮಾಡಿಸಿದ್ದೇನೆ. ಹಿಂದಿನಿಂದ ಯಾರಾದರೂ ಡಿಕ್ಕಿ ಹೊಡೆದರೆ ಎಂಬ ಆತಂಕ ಅಲ್ಲಿ ಉಳಿದೇ ಇದೆ. ಹಾಗಾಗಿ ವಾಹನದಟ್ಟಣೆಯ ಹೆದ್ದಾರಿಯಲ್ಲಿ ಡಬ್ಬಗಳು ಖಾಲಿಯಾಗಿರುತ್ತವೆ. ಊರಿನಿಂದ ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಖಾಲಿಯಾಗಿಯೇ ಬಂದು ತಾಂಡಿಯಲ್ಲಿ ತುಂಬಿಕೊಳ್ಳುತ್ತವೆ. ಬ್ರಾಕೆಟ್ಟಿನ ಕಬ್ಬಿಣ ಡಬ್ಬಕ್ಕೆ ಉಜ್ಜದಂತೆ ನಡುವೆ ಹಳೆಯ ಟ್ಯೂಬಿನ ರಬ್ಬರನ್ನು ಕತ್ತರಿಸಿ ಹಾಕಿಸಿದ್ದೇನೆ. ನೂರಾರು ಕಿಲೋಮೀಟರಿನ ಉಜ್ಜಾಟ ಹೊರಗಿನ ಬಣ್ಣವನ್ನು ಕಿತ್ತು ತಗಡನ್ನು ತಿನ್ನುತ್ತದೆ, ಅದು ಕಣ್ಣಿಗೆ ಬೀಳುವುದು ಡಬ್ಬ ಹೊರತೆಗೆದಾಗ ಮಾತ್ರ.

ಬಂಕ್‌ನಲ್ಲಿ ತುಂಬಿಸುವಾಗ ಡಬ್ಬವನ್ನು ಗಾಡಿಯಿಂದ ಇಳಿಸಿ ನೆಲದ ಮೇಲಿಡಬೇಕು, ನಾಝಲ್ ಡಬ್ಬದ ಬಾಯಿಗೆ ತಾಗಿಕೊಂಡೇ ಇರಬೇಕು. ಪೆಟ್ರೋಲ್ ಹರಿಯುವಾಗ ಹುಟ್ಟುವ ಸ್ಥಾಯೀ ವಿದ್ಯುತ್ತು ಆಗ ನೆಲಕ್ಕೆ ಇಳಿದುಹೋಗುತ್ತದೆ. ಗಾಡಿಯೊಳಗಿನ ರಬ್ಬರ್ ಹಾಸಿನ ಮೇಲಿಟ್ಟು ತುಂಬಿಸಿದರೆ ಅದಕ್ಕೆ ದಾರಿ ಇರುವುದಿಲ್ಲ. ಕಂಠದವರೆಗೆ ತುಂಬಿಸುವ ಆಸೆಯನ್ನು ಬಿಡಬೇಕು.

2022ರಲ್ಲಿ ಅಟಲ್ ಸುರಂಗದ ಮೂಲಕ ಅದೇ ದಾರಿಯಲ್ಲಿ ಮತ್ತೆ ಹೋದಾಗ ನಾವು ಡಬ್ಬವನ್ನು ಕೊನೆಯವರೆಗೆ ಉಳಿಸಿಕೊಳ್ಳಲಿಲ್ಲ. ಸರ್ಚು ತಲುಪುವ ಹೊತ್ತಿಗೆ ಟ್ಯಾಂಕಿನಲ್ಲಿ ಹನ್ನೆರಡು ಲೀಟರಿನಷ್ಟು ಜಾಗವಾಗಿತ್ತು. ಚಿಕ್ಕ ಡಬ್ಬವನ್ನು ಅಲ್ಲಿ ಸುರಿದೆವು. ಹೊರಗೆ ಹೊತ್ತ ಪೆಟ್ರೋಲ್ ಆದಷ್ಟು ಬೇಗ ಟ್ಯಾಂಕಿಗೆ ಸೇರುವುದೇ ಕ್ಷೇಮ. ಎಂಜಿನ್ ಆರಿಸಿ, ಸ್ವಲ್ಪ ಆರಲು ಬಿಟ್ಟು, ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ, ಲಿವರನ್ನು ಮೆಲ್ಲನೆ ಎತ್ತಿದಾಗ ಬುಸ್ಸೆಂಬ ಸದ್ದು ಕೇಳಿತು. ಬದಿಗಳು ಸ್ವಲ್ಪ ಉಬ್ಬಿದ್ದವು, ಆದರೆ ಮುಚ್ಚಳದ ಸುತ್ತ ಒಂದು ಹನಿಯೂ ಇರಲಿಲ್ಲ, ಬ್ರಾಕೆಟ್ಟಿನ ಬಳಿ ವಾಸನೆಯೂ ಇರಲಿಲ್ಲ. ದೊಡ್ಡ ಡಬ್ಬದಿಂದ ಟ್ಯಾಂಕ್ ಹಿಡಿಸಿದಷ್ಟನ್ನು ಪಾಂಗ್‌ನಲ್ಲಿ ಸುರಿದೆವು. ಆ ಸಂಜೆ ಹೆಂಡತಿಗೆ ಮತ್ತೆ ಸ್ವಲ್ಪ ತಲೆನೋವು ಬಂತು. ಈ ಸಲ ಅದು ಎತ್ತರದ್ದೇ ಎಂದು ನಮಗೆ ನಿಶ್ಚಯವಾಗಿ ಗೊತ್ತಿದ್ದುದರಿಂದ, ಅಲ್ಲಿ ಉಳಿಯುವ ಯೋಚನೆ ಬಿಟ್ಟು, ಬೆಳಕಿರುವಾಗಲೇ ತಾಂಗ್ಲಾಂಗ್ ಲಾ ದಾಟಿ ಕೆಳಗಿನ ಉಪ್ಶಿಯವರೆಗೆ ಇಳಿದೆವು.

ಊರಿಗೆ ಬಂದ ಮೇಲೆ ಎರಡೂ ಡಬ್ಬಗಳನ್ನು ಪೂರ್ತಿ ಬರಿದು ಮಾಡಿ, ಬಾಯಿ ತೆರೆದು, ಬೆಂಕಿಯಿಂದ ದೂರವಾದ ನೆರಳಿನಲ್ಲಿ ಕೆಲವು ದಿನ ಒಣಗಿಸಿ, ಸಕಲೇಶಪುರದ ಮಳೆಗಾಲದ ತೇವ ಒಳಹೋಗದಂತೆ ಮುಚ್ಚಿ ಇಡುತ್ತೇನೆ. ಗ್ಯಾಸ್ಕೆಟ್ಟುಗಳನ್ನು ಕಳಚಿ ಉಗುರಿನಿಂದ ಒತ್ತಿ ನೋಡುತ್ತೇನೆ. ಗುರುತು ಉಳಿದರೆ ಹೊಸದನ್ನು ಹಾಕುತ್ತೇನೆ. ಆ ಕೆಂಪು ಡಬ್ಬದ ತಳಕ್ಕೆ ಮೆಕ್ಯಾನಿಕ್ ಅವರೇ ದೊಡ್ಡ ತೂತು ಕೊರೆದು, ಮತ್ತೆ ಯಾರೂ ಅದಕ್ಕೆ ಪೆಟ್ರೋಲ್ ತುಂಬದಂತೆ ಮಾಡಿ, ಗುಜರಿಗೆ ಹಾಕಿದರು.